ಓದುಗರ ಪ್ರಶ್ನೆ: ಚಾವಣಿ ಇಲ್ಲದ ಅರಮನೆ

ಪ್ರಶ್ನೆ: ಶಿರಾದ ಗುಜರಿ ಅಂಗಡಿಯಲ್ಲಿ 150 ರೂಪಾಯಿಗೆ ಹಳೇ ಚಿತ್ರವೊಂದು ಸಿಕ್ಕಿತು. ಪಾಳು ಅರಮನೆ. ನಡುವೆ ಭಾರೀ ಕಮಾನು, ಅಕ್ಕಪಕ್ಕ ಎರಡು ಕಿರಿದಾದವು. ಕೆಳಗೆ ‘ಬಿಜಾಪುರ’ ಎಂದಿದೆ. ಅಸಲಿಯಾ?

ಉತ್ತರ: ಅದು ಗಗನ ಮಹಲ್, ಅನುಮಾನವೇ ಬೇಡ. 1561ರ ಸುಮಾರಿಗೆ ಮೊದಲನೇ ಅಲಿ ಆದಿಲ್ ಶಾ ಕಟ್ಟಿಸಿದ್ದು. ನಡುಗಮಾನು ಸುಮಾರು 60 ಅಡಿ ಅಗಲ. ಅದರ ಕೆಳಗೆ ನಿಂತು ನಾನೂ ಕತ್ತು ನೋಯಿಸಿಕೊಂಡಿದ್ದೇನೆ! ಚಾವಣಿ ಮರದ್ದು, ಅದಕ್ಕೇ ಉಳಿದಿಲ್ಲ.

ಅಸಲಿಯೋ ಅಂತೀರಾ? ಭೂತಗನ್ನಡಿ ಹಿಡಿದು ಚಿತ್ರದ ಆಕಾಶ ನೋಡಿ. ಬರೀ ಸಣ್ಣ ಗೆರೆಗಳಿದ್ದರೆ ಒಳ್ಳೆಯ ಸೂಚನೆ. ಸಾಲುಸಾಲು ಚುಕ್ಕಿ ಕಂಡರೆ ಈಚಿನ ಅಚ್ಚು. ತಾಮ್ರ, ಉಕ್ಕಿನ ತಗಡಿನಿಂದ ಅಚ್ಚಾಗಿದ್ದರೆ ಚಿತ್ರದ ಸುತ್ತ ಕಾಗದ ತುಸು ತಗ್ಗಿರುತ್ತದೆ, ಬೆರಳಾಡಿಸಿ ನೋಡಿ. ಸುಮ್ನೆ ಲ್ಯಾಮಿನೇಷನ್ ಮಾತ್ರ ಮಾಡಿಸಬೇಡಿ.