ನಾಲ್ಕನೇ ಸರ್ಟಿಫಿಕೇಟ್ ಸದ್ಯಕ್ಕೆ ಬೇಡ ಎಂದೆ

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ಕೆಲಸದ ಬಗ್ಗೆ ಸಲಹೆ ಕೇಳಲು ಅಪ್ಪ, ಮಗ ಇಬ್ಬರೂ ನನ್ನ ಹತ್ತಿರ ಬಂದಿದ್ದರು. ಊರು ಹಾನಗಲ್ ಕಡೆಯದು. ಮಗನಿಗೆ 33. ಬಿ.ಎ. ಮುಗಿಸಿ ಧಾರವಾಡದ ಸಪ್ತಾಪುರದಲ್ಲಿ ರೂಮು ಹಿಡಿದವನು ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ), ಪಿಎಸ್‌ಐ (ಪೊಲೀಸ್ ಸಬ್ ಇನ್‌ಸ್ಪೆಕ್ಟರ್) ಪರೀಕ್ಷೆ ಎನ್ನುತ್ತಾ ಅಲ್ಲೇ ಉಳಿದ. 2021ರ ಅಕ್ಟೋಬರಿನಲ್ಲಿ 545 ಪಿಎಸ್‌ಐ ಹುದ್ದೆಗಳ ಪರೀಕ್ಷೆ ಬರೆದ. ಅಕ್ರಮ ಬಯಲಾಗಿ ಅದು ರದ್ದಾಯಿತು. 2024ರ ಜನವರಿಯಲ್ಲಿ ಮತ್ತೆ ಬರೆದ. ಆಗಲಿಲ್ಲ.

"ಊರಾಗ ಮಂದಿ ಕೇಳ್ತಾರ್ರಿ ಮೇಡಂ, ಮಗಾ ಏನ್ ಮಾಡಾಕತ್ತಾನ ಅಂತ. ಏನ್ ಹೇಳ್ಲಿ?" ಎಂದರು ಅಪ್ಪ. ಕೆಲಸವಿಲ್ಲದ ಪದವೀಧರರಿಗೆ ಸರ್ಕಾರ ಕೊಡುವ ಯುವನಿಧಿ ಭತ್ಯೆಯಾದರೂ ಸಿಗುತ್ತದಾ ಎಂದು ಕೇಳಿದರು. ಇಲ್ಲ, ಅದು 2022-23ರಿಂದ ಈಚೆಗೆ ಪಾಸಾದವರಿಗೆ.

ಮಗ ಫೈಲು ಬಿಚ್ಚಿದ. ಬೇಸಿಕ್ ಕಂಪ್ಯೂಟರ್, ಟೈಪಿಂಗ್, ಟ್ಯಾಲಿ (ಲೆಕ್ಕಪತ್ರದ ಸಾಫ್ಟ್‌ವೇರ್) ಹೀಗೆ ಮೂರು ಸರ್ಟಿಫಿಕೇಟ್. ಈಗ ಡಿಜಿಟಲ್ ಮಾರ್ಕೆಟಿಂಗ್ ಕೋರ್ಸಿಗೆ ಫೀ ಕಟ್ಟುವುದರಲ್ಲಿದ್ದ. ಯಾಕೆ ಅದೇ ಎಂದೆ. "ಸೀಟ್ ಖಾಲಿ ಅದಾವಂತ ಫೋನ್ ಬಂದಿತ್ರಿ."

ಇದನ್ನು ಜಾಸ್ತಿ ನೋಡುತ್ತೇನೆ. ಬಹಳ ವರ್ಷ ಕೆಲಸವಿಲ್ಲದೆ ಕೂತವರಿಗೆ ಕೋರ್ಸು ಒಂದು ನೆರಳು. ಮನೆಯಲ್ಲಿ ಹೇಳಲು ಉತ್ತರ ಸಿಗುತ್ತದೆ, ಯಾರ ಮುಂದೆಯೂ ಕೆಲಸ ಕೇಳಿ ನಿಲ್ಲಬೇಕಾಗಿಲ್ಲ. ಇದು ಸೋಮಾರಿತನ ಅಲ್ಲ, ಅಂಜಿಕೆ.

ಟ್ಯಾಲಿ ಸರ್ಟಿಫಿಕೇಟಿನ ಮೇಲೆ 2016 ಎಂದಿತ್ತು. ಜಿಎಸ್‌ಟಿ ಬಂದದ್ದು 2017ರ ಜುಲೈಯಲ್ಲಿ. ಅಂದರೆ ಇವನು ಕಲಿತದ್ದು ಅದಕ್ಕೂ ಹಿಂದಿನ ವ್ಯಾಟ್ ತೆರಿಗೆ ಕಾಲದ ಬಿಲ್ಲು. ಮಾಲು ಸಾಗಿಸಲು ಆನ್‌ಲೈನಿನಲ್ಲಿ ಮಾಡುವ ಇ-ವೇ ಬಿಲ್ ಹೆಸರು ಕೇಳಿದ್ದ, ಮಾಡಿರಲಿಲ್ಲ. ಅವನಿಗೆ ಬೇಕಿದ್ದದ್ದು ಹೊಸ ಕೋರ್ಸಲ್ಲ, ಇದ್ದದ್ದನ್ನೇ ಇವತ್ತಿನ ಕೆಲಸಕ್ಕೆ ಹೊಂದಿಸುವ ಸಣ್ಣ ತರಬೇತಿ.

ಹೀಗಾಗಿ ಮೊದಲು ಕೆಲಸ ನೋಡು, ಆಮೇಲೆ ಕಲಿ ಎಂದೆ. ಹುಬ್ಬಳ್ಳಿಯ ಗೋಕುಲ ರಸ್ತೆ, ತಾರಿಹಾಳದ ಕೈಗಾರಿಕಾ ಪ್ರದೇಶದಲ್ಲಿ ಸಣ್ಣ ಕಾರ್ಖಾನೆಗಳಿವೆ. ಅಲ್ಲಿನ ಸ್ಟೋರ್ (ಮಾಲಿಡುವ ಉಗ್ರಾಣ) ನೋಡಿಕೊಳ್ಳುವವರನ್ನು ಮಾತಾಡಿಸಿ, ದಿನವಿಡೀ ಏನು ಮಾಡುತ್ತೀರಿ ಎಂದು ಕೇಳಿ ಬಾ ಎಂದು ಕಳಿಸಿದೆ. ಬಂದವನ ನೋಟ್‌ಬುಕ್ಕಿನಲ್ಲಿ ಡೆಲಿವರಿ ಚಲನ್, ಸ್ಟಾಕ್ ಎಂಟ್ರಿ, ಎಕ್ಸೆಲ್, 50,000 ರೂಪಾಯಿ ಮೀರಿದ ಮಾಲಿಗೆ ಇ-ವೇ ಬಿಲ್ ಎಂದು ಬರೆದಿತ್ತು. ಇಷ್ಟನ್ನು ಕಲಿಸುವ ಕಡೆ ಮಾತ್ರ ಸೇರು, ಸೇರುವ ಮುಂಚೆ ಹಿಂದಿನ ಬ್ಯಾಚಿನ ಇಬ್ಬರ ನಂಬರ್ ಇಸಿದುಕೋ, ಎಲ್ಲಿ ಕೆಲಸ ಮಾಡುತ್ತಿದ್ದಾರೆ ಎಂದು ಅವರನ್ನೇ ಕೇಳು ಎಂದೆ. ನಂಬರ್ ಕೊಡದವರ ಹತ್ತಿರ ಫೀ ಕಟ್ಟಬೇಡ.

(ಸ್ವಂತ ಉದ್ಯೋಗದ ಮನಸ್ಸಿದ್ದವರಿಗೆ ಧಾರವಾಡದ ರುಡ್‌ಸೆಟ್ ತರಬೇತಿ ಸಂಸ್ಥೆ ಇದೆ. ಊಟ, ವಸತಿ, ತರಬೇತಿ ಎಲ್ಲಾ ಉಚಿತ. ಇವನಿಗೆ ಆ ಮನಸ್ಸಿರಲಿಲ್ಲ.)

ಇಂಟರ್‌ವ್ಯೂನಲ್ಲಿ "ಇಷ್ಟು ವರ್ಷ ಏನ್ ಮಾಡಿದ್ರಿ?" ಎಂದು ಕೇಳಿಯೇ ಕೇಳುತ್ತಾರೆ. ಅವನು ಪಿಎಸ್‌ಐ ಹಗರಣದಿಂದ ಶುರು ಮಾಡುತ್ತಿದ್ದ. ಸಿಟ್ಟು ನ್ಯಾಯವೇ, ಆದರೆ ಕೆಲಸ ಕೊಡುವವರಿಗೆ ಅದು ಬೇಡ ಅಲ್ವಾ? ಎರಡೇ ಸಾಲು ಗಟ್ಟಿ ಮಾಡಿಸಿದೆ: "ಸರ್ಕಾರಿ ಪರೀಕ್ಷೆಗೆ ಓದುತ್ತಿದ್ದೆ, ಆಗಲಿಲ್ಲ. ಈಗ ಸ್ಟೋರ್ ಕೆಲಸಕ್ಕೆ ಬೇಕಾದದ್ದು ಕಲಿತು ಬಂದಿದ್ದೇನೆ." ಕನ್ನಡಿ ಮುಂದಲ್ಲ, ಗೆಳೆಯರ ಮುಂದೆ ಹೇಳಿ ರೂಢಿ ಮಾಡಿಕೋ ಎಂದೆ. ಸಂಬಳ ಕಡಿಮೆ ಇದ್ದರೂ ಪಿಎಫ್, ಇಎಸ್‌ಐ ಇದೆಯಾ ಎಂದು ಕೇಳುವುದನ್ನು ಬಿಡಬೇಡ.

ಅಪ್ಪನಿಗೂ ಒಂದು ಮಾತು ಹೇಳಿದೆ. ದಿನಾ ರಾತ್ರಿ ಫೋನಿನಲ್ಲಿ "ಏನಾತು?" ಎಂದು ಕೇಳಬೇಡಿ, ಉಂಡ್ಯಾ ಅಂತಷ್ಟೇ ಕೇಳಿ.

ಮಗ ಈಗ ತಾರಿಹಾಳದಲ್ಲಿ ಸ್ಟೋರ್ ಅಸಿಸ್ಟೆಂಟ್. ಮೊನ್ನೆ ಫೋನ್ ಮಾಡಿ, ಎಫ್‌ಡಿಎ ಕರೆದರೆ ಅರ್ಜಿ ಹಾಕಲಾ ಎಂದು ಕೇಳಿದ. ಹಾಕು, ಪರೀಕ್ಷೆಯ ದಿನ ಮಾತ್ರ ರಜೆ ತಗೋ ಎಂದೆ.