ಎರಡು ಡಿಸ್ಟೋಪಿಯಾ ನಡುವೆ ಒಂದು ಕೊಲೆ ಇರಲಿ

ಒಂದೇ ತಿಂಗಳಲ್ಲಿ '1984', 'ಬ್ರೇವ್ ನ್ಯೂ ವರ್ಲ್ಡ್', 'ಫ್ಯಾರನ್‌ಹೀಟ್ 451' ಅಂತ ಮೂರು ಡಿಸ್ಟೋಪಿಯಾ (ಜನರನ್ನು ಹಿಡಿತದಲ್ಲಿಟ್ಟುಕೊಂಡ ಕರಾಳ ಸಮಾಜದ ಕಥೆ) ಬೆನ್ನು ಬೆನ್ನಿಗೆ ಓದಿದ್ದೀರಿ, ಈಗ ಯಾವ ಪುಸ್ತಕ ಹಿಡಿದರೂ ಬೇಸರ ಅನ್ನುತ್ತೀರಿ, ಜೊತೆಗೆ ಇದೇ ಥರದ್ದು ಇನ್ನೂ ನಾಲ್ಕು ಹೇಳಿ ಅಂತಲೂ ಕೇಳಿದ್ದೀರಿ. ಹೊಟ್ಟೆ ಕೆಟ್ಟವರು ಇನ್ನೊಂದು ಸಲ ಬಡಿಸಿ ಅಂದ ಹಾಗಾಯ್ತು. ನಾನೂ ಇದೇ ತಪ್ಪು ಮಾಡಿದವನು, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಾನು ಶುರು ಮಾಡಿದ್ದು ರಷ್ಯಾದ ಜಾಮ್ಯಾಟಿನ್ ಬರೆದ 'ವಿ' (We, ಅಂದರೆ 'ನಾವು') ಎಂಬ ಡಿಸ್ಟೋಪಿಯಾದಿಂದ. ಇಂಗ್ಲಿಷಿನಲ್ಲಿ 1924ರಲ್ಲೇ ಬಂದ ಪುಸ್ತಕ. ಹಳೆಯದರಿಂದ ಹೊಸದಕ್ಕೆ ಸಾಲಾಗಿ ಓದಿದರೆ ಎಲ್ಲ ಅರ್ಥವಾಗುತ್ತದೆ ಅಂತ ನನ್ನ ಹಮ್ಮು. ಆಗಿದ್ದೇನು? ಒಳಗೊಳಗೇ ಕಸಿವಿಸಿ ಪಡುವ ಒಬ್ಬ ಗಂಡಸು, ಅವನನ್ನು ಅಲ್ಲಾಡಿಸಲು ಒಬ್ಬ ಹೆಂಗಸು, ಆಮೇಲೆ ಮೇಲಿನವನೊಬ್ಬ ಎದುರಿಗಿಟ್ಟುಕೊಂಡು ಕೊಡುವ ಉದ್ದನೆಯ ಭಾಷಣ. 'ಬ್ರೇವ್ ನ್ಯೂ ವರ್ಲ್ಡ್'ನಲ್ಲಿ ಹೆಂಗಸಿನ ಪಾತ್ರ ಬೇರೆ ಥರ, ಆದರೆ ಭಾಷಣ ತಪ್ಪಿಲ್ಲ, ಅಲ್ಲಿ ಅಧಿಕಾರ ನಡೆಸುವ ಮುಸ್ತಫಾ ಮಾಂಡ್ ಇದ್ದಾನೆ. ನಾಲ್ಕನೆಯದಾಗಿ 'ಫ್ಯಾರನ್‌ಹೀಟ್' ಹಿಡಿದಾಗ ಅದರಲ್ಲಿನ ಮೇಲಧಿಕಾರಿ ಬೀಟಿ ಬಾಯಿ ತೆರೆದರೆ ನನಗೆ '1984'ರ ಓಬ್ರಿಯನ್ ದನಿ ಕೇಳಿಸುತ್ತಿತ್ತು. ಅದು ಬರೆದ ಬ್ರಾಡ್‌ಬರಿ ತಪ್ಪಲ್ಲ, ನನ್ನ ತಪ್ಪು. ಒಳ್ಳೆಯ ಪುಸ್ತಕವನ್ನು ಅರ್ಧಕ್ಕೇ ಬಿಟ್ಟೆ, ಮತ್ತೆ ಕೈಗೆತ್ತಿಕೊಳ್ಳಲು ಎರಡು ವರ್ಷ ಬೇಕಾಯ್ತು. (ಅಂದ ಹಾಗೆ ಆರ್ವೆಲ್ 'ವಿ' ಬಗ್ಗೆ 1946ರಲ್ಲಿ ವಿಮರ್ಶೆ ಬರೆದಿದ್ದ, ಅವನದೇ '1984' ಬಂದಿದ್ದು 1949ರಲ್ಲಿ. ಹೋಲಿಕೆ ಸುಮ್ನೆ ಅಲ್ಲ.)

ಅಲ್ಲಿಂದ ನನ್ನದು ಒಂದೇ ಲೆಕ್ಕ: ಎರಡು ಡಿಸ್ಟೋಪಿಯಾ ನಡುವೆ ಒಂದು ಪತ್ತೇದಾರಿ. ಪತ್ತೇದಾರಿ ಕಾದಂಬರಿ ತಾನು ಎತ್ತಿದ ಪ್ರಶ್ನೆಗೆ ತಾನೇ ಉತ್ತರ ಕೊಟ್ಟು ಬಾಗಿಲು ಹಾಕುತ್ತದೆ. ಡಿಸ್ಟೋಪಿಯಾ ಬಾಗಿಲು ತೆರೆದಿಟ್ಟೇ ಹೋಗುತ್ತದೆ, ಹಾಗೆ ತೆರೆದ ಬಾಗಿಲು ಮೂರಾದರೆ ತಲೆ ಕೆಡದೆ ಇನ್ನೇನು?

ಈಗ ನಿಮಗೆ ಎರಡೂ ಒಂದರಲ್ಲೇ ಇರುವುದು ಬೇಕು. ಚೈನಾ ಮಿಯೆವಿಲ್ ಅವರ 'ದಿ ಸಿಟಿ ಅಂಡ್ ದಿ ಸಿಟಿ' (2009) ಹಿಡಿಯಿರಿ. ಒಂದೇ ಜಾಗದಲ್ಲಿ ಎರಡು ನಗರ. ಈ ನಗರದವರು ಆ ನಗರದವರನ್ನು ಕಂಡರೂ ಕಾಣದ ಹಾಗೆ ನಡೆಯಬೇಕು, ತಪ್ಪಿದರೆ ಗತಿ ನೆಟ್ಟಗಿಲ್ಲ. ಅಂಥ ಕಡೆ ಒಂದು ಹೆಣ ಸಿಗುತ್ತದೆ. ಮೊದಲ ಐವತ್ತು ಪುಟ ತಲೆಬುಡ ತಿಳಿಯುವುದಿಲ್ಲ, ದಯವಿಟ್ಟು ಗೂಗಲ್ ಮಾಡಬೇಡಿ. ತಿಳಿಯದೇ ಇರುವುದರಲ್ಲೇ ಮಜಾ ಇದೆ.

ಆಮೇಲೆ ರಾಬರ್ಟ್ ಜಾಕ್ಸನ್ ಬೆನೆಟ್ ಅವರ 'ದಿ ಟೇಂಟೆಡ್ ಕಪ್' (2024). ಅಧಿಕಾರಿಯೊಬ್ಬ ಮೈಯೊಳಗಿಂದ ಮರ ಬೆಳೆದು ಸತ್ತಿದ್ದಾನೆ, ಅಲ್ಲಿಂದ ತನಿಖೆ. 2025ರ ಹ್ಯೂಗೋ ಪ್ರಶಸ್ತಿ ಬಂದಿದೆ ಅನ್ನುವ ಕಾರಣಕ್ಕೆ ಹೇಳುತ್ತಿಲ್ಲ, ಸುಳಿವುಗಳನ್ನು ಮುಚ್ಚಿಡದೆ ನಮ್ಮ ಮುಂದೆಯೇ ಇಟ್ಟಿದ್ದಾರೆ ಅನ್ನುವುದಕ್ಕೆ ಹೇಳುತ್ತಿದ್ದೇನೆ. ಇದು ಫ್ಯಾಂಟಸಿ ಜಾಸ್ತಿ, ಡಿಸ್ಟೋಪಿಯಾ ಕಡಿಮೆ. 'ಎ ಡ್ರಾಪ್ ಆಫ್ ಕರಪ್ಷನ್' ಇದರ ಮುಂದಿನ ಭಾಗ, ಅದನ್ನು ಮೊದಲು ತೆಗೆದುಕೊಂಡು ಏನೂ ಗೊತ್ತಾಗಲಿಲ್ಲ ಅಂತ ಬರಬೇಡಿ.

ಯೋಕೊ ಒಗಾವಾ ಅವರ 'ದಿ ಮೆಮೊರಿ ಪೊಲೀಸ್' ಈಗಲೇ ಬೇಡ, ಎರಡು ಪುಸ್ತಕ ಕಳೆಯಲಿ. ಒಂದು ದ್ವೀಪದಲ್ಲಿ ವಸ್ತುಗಳು ಒಂದೊಂದಾಗಿ ಮಾಯವಾಗುತ್ತವೆ, ಅವುಗಳ ನೆನಪೂ ಹೋಗುತ್ತದೆ, ನೆನಪು ಉಳಿಸಿಕೊಂಡವರನ್ನು ಪೊಲೀಸರು ಹಿಡಿದೊಯ್ಯುತ್ತಾರೆ. ಯಾರೂ ಭಾಷಣ ಬಿಗಿಯುವುದಿಲ್ಲ, ಪುಣ್ಯ. ಆದರೆ ಹೆಸರಲ್ಲಿ ಪೊಲೀಸ್ ಇದೆ ಅಂತ ಪತ್ತೇದಾರಿ ಅಂದುಕೊಳ್ಳಬೇಡಿ. ಯಾಕೆ ಮಾಯವಾಗುತ್ತವೆ ಅನ್ನುವುದಕ್ಕೆ ಉತ್ತರ ಸಿಗುವುದಿಲ್ಲ, ಅದನ್ನೇ ಕಾಯುತ್ತಾ ಓದಿದರೆ ಕೊನೆಯಲ್ಲಿ ಸಿಟ್ಟು ಬರುತ್ತದೆ. ಅಲ್ಲಿಯ ತನಕ ಕೈಗೊ ಹಿಗಾಶಿನೊ ಅವರ ಪತ್ತೇದಾರಿ 'ದಿ ಡಿವೋಷನ್ ಆಫ್ ಸಸ್ಪೆಕ್ಟ್ ಎಕ್ಸ್' ಓದಿ. ಕೊಂದದ್ದು ಯಾರು ಅಂತ ಶುರುವಿನಲ್ಲೇ ಗೊತ್ತು, ಆದರೂ ಕೆಳಗಿಡಲು ಆಗಲಿಲ್ಲ.

ಇನ್ನೊಂದು. ನೀವು ಮುನ್ನುಡಿ ಓದಿಯೇ ಪುಸ್ತಕ ಶುರು ಮಾಡುತ್ತೇನೆ ಅಂದಿದ್ದೀರಿ. ಯಾಕೆ? ಹಳೆಯ ಪುಸ್ತಕಗಳ ಮುನ್ನುಡಿ ಬರೆಯುವವರು ಕಥೆ ಎಲ್ಲರಿಗೂ ಗೊತ್ತು ಅಂತಲೇ ಬರೆಯುತ್ತಾರೆ. ಕ್ರಿಸ್ಟಿಯ 'ದಿ ಮರ್ಡರ್ ಆಫ್ ರೋಜರ್ ಆಕ್ರಾಯ್ಡ್' ಕೊಲೆಗಾರ ಯಾರು ಅಂತ ನನಗೆ ಗೊತ್ತಾಗಿದ್ದು ಹಾಗೇ, ಕಥೆ ಶುರುವಾಗುವ ಮೊದಲೇ. ಆ ಪುಸ್ತಕವನ್ನು ಮೊದಲ ಸಲ ಓದುವ ಸುಖ ಜೀವನದಲ್ಲಿ ಒಂದೇ ಸಲ ಸಿಗುವಂಥದ್ದು, ನನಗೆ ಸಿಗಲೇ ಇಲ್ಲ. ಕಿಂಡಲ್ ಒಳ್ಳೆಯದೇ, ದಪ್ಪ ಪುಸ್ತಕಕ್ಕೆ ನನಗೂ ಅದೇ ಬೇಕು, ಆದರೆ ಪತ್ತೇದಾರಿ ಓದುವಾಗ ಎಷ್ಟು ಓದಿ ಆಯ್ತು ಅಂತ ಕೆಳಗೆ ತೋರಿಸುವ ಶೇಕಡಾ ಲೆಕ್ಕ ಕಾಣದ ಹಾಗೆ ಮಾಡಿಕೊಳ್ಳಿ. ಇನ್ನೂ 40% ಬಾಕಿ ಇದ್ದಾಗ ಸಿಕ್ಕಿಬಿದ್ದವನು ಅಪರಾಧಿ ಅಲ್ಲ ಅಂತ ಯಾರಿಗಾದರೂ ಗೊತ್ತಾಗುತ್ತದೆ. ಪತ್ತೇದಾರಿಗೆ ಆಡಿಯೋಬುಕ್ ಅಂತೂ ನನಗೆ ಆಗಿಬರಲಿಲ್ಲ, ಸುಳಿವು ಹುಡುಕಿ ಹಿಂದಕ್ಕೆ ಹೋಗುವುದೇ ಕಷ್ಟ.

ಮುನ್ನುಡಿ ಬಿಡಿ ಅಂದೆ ಅಂತ ಕೊನೆಯ ಪುಟಗಳನ್ನೂ ಹಾರಿಸಬೇಡಿ. ಮಾರ್ಗರೆಟ್ ಅಟ್ವುಡ್ ಅವರ ಡಿಸ್ಟೋಪಿಯಾ 'ದಿ ಹ್ಯಾಂಡ್‌ಮೇಡ್ಸ್ ಟೇಲ್' ಕೊನೆಯಲ್ಲಿ ಬರುವ ಇತಿಹಾಸದ ಟಿಪ್ಪಣಿ ಕಥೆಯದೇ ಭಾಗ. '1984'ರ ಕೊನೆಯಲ್ಲಿ ನ್ಯೂಸ್ಪೀಕ್ (ಕಥೆಯ ಸರ್ಕಾರ ಹುಟ್ಟಿಸಿದ ಭಾಷೆ) ಬಗ್ಗೆ ಅನುಬಂಧ ಇದೆಯಲ್ಲ, ಅದನ್ನು ವ್ಯಾಕರಣ ಪಾಠ ಅಂತ ಬಿಟ್ಟಿದ್ದೀರಿ ಅಲ್ವಾ? ಅದು ಪೂರ್ತಿ ಭೂತಕಾಲದಲ್ಲಿದೆ. ಆ ಭಾಷೆ ಒಂದು ಕಾಲಕ್ಕೆ ಇತ್ತು ಅನ್ನುವ ಧಾಟಿ. ಮಿಯೆವಿಲ್ ಹಿಡಿಯುವ ಮೊದಲು ಆ ಕೆಲವು ಪುಟ ಓದಿ, '1984'ರ ನಾಯಕ ವಿನ್‌ಸ್ಟನ್ ಕಥೆ ಅಲ್ಲಿಗೇ ಮುಗಿಯಿತು ಅಂತ ಅನ್ನಿಸುತ್ತದೆಯಾ ಹೇಳಿ.