ಕೈ ನಡುಗುತ್ತದೆ, ಶಿರಸಿಯಲ್ಲಿ ಪಿಯುಸಿ ಮುಗಿಸಿದ ತಂಗಿ ಬಿಡಿಎಸ್ (ದಂತವೈದ್ಯ ಪದವಿ) ಸೇರಬಹುದೇ?

ಧಾರಾಳವಾಗಿ ಸೇರಲಿ. ಬೆರಳಿಗೆ ಆಧಾರ ಇಲ್ಲದಿದ್ದರೆ ಇಂಥ ನಡುಕ ಹೆಚ್ಚುತ್ತದೆ. ಹ್ಯಾಂಡ್‌ಪೀಸನ್ನು (ಹಲ್ಲು ಕೊರೆಯುವ ಯಂತ್ರದ ಹಿಡಿ) ಪೆನ್ನಿನಂತೆ ಹಗುರಾಗಿ ಹಿಡಿದು ಉಂಗುರಬೆರಳನ್ನು ಪಕ್ಕದ ಹಲ್ಲಿನ ಮೇಲೆ ಊರಬೇಕು. ಬಿಗಿಹಿಡಿದಷ್ಟೂ ನಡುಕ ಜಾಸ್ತಿ.

ಮೊದಲ ವರ್ಷ ಮೇಣದಲ್ಲಿ ಹಲ್ಲು ಕೆತ್ತಿಸುತ್ತಾರೆ. (ಮೇ ತಿಂಗಳ ಸೆಕೆಗೆ ಮೇಣ ಮೆತ್ತಗಾಗುತ್ತದೆ, ಆಗಾಗ ತಣ್ಣೀರಲ್ಲಿ ಅದ್ದಬೇಕು.) ಎರಡನೇ ವರ್ಷ ಫ್ಯಾಂಟಮ್ ಹೆಡ್‌ನಲ್ಲಿ (ಅಭ್ಯಾಸಕ್ಕಿರುವ ಕೃತಕ ತಲೆ, ಹಲ್ಲು) ಕುಳಿ ಕೊರೆಯುವುದು. 245 ನಂಬರಿನ ಬರ್‌ನ (ಹ್ಯಾಂಡ್‌ಪೀಸಿಗೆ ಹಾಕುವ ಕೊರೆಯುವ ಮೊನೆ) ತಲೆ 3 ಮಿ.ಮೀ. ಉದ್ದ, ಅರ್ಧ ಇಳಿದರೆ 1.5 ಮಿ.ಮೀ. ಆಳ, ಅಳತೆಗೋಲು ಅದೇ. ಪಕ್ಕದ ಹಲ್ಲಿಗೆ ಬರ್ ತಾಗಿ ಗೀರು ಬೀಳುವುದು ಮಾಮೂಲು, ನಡುವೆ ತೆಳು ಸ್ಟೀಲ್ ಪಟ್ಟಿ (ಮ್ಯಾಟ್ರಿಕ್ಸ್) ಇಡಬೇಕು.

ನಿಜಕ್ಕೂ ಕಷ್ಟ ಮೇಲ್ದವಡೆ. ಅಲ್ಲಿ ಹೆಚ್ಚಾಗಿ ಕನ್ನಡಿ ನೋಡಿಯೇ ಕೆಲಸ, ದಿಕ್ಕು ತಿರುವುಮುರುವು. ಕೈ ನೋಡದೆ, ಕನ್ನಡಿಯಲ್ಲಷ್ಟೇ ನೋಡುತ್ತ ಚೌಕ ಬರೆಯುವುದನ್ನು ಈಗಲೇ ಶುರುಮಾಡಲಿ.